ದೀರ್ಘಕಾಲದ ಚಿಕಿತ್ಸೆಯ ಫಲನಿರ್ಣಯ

೧. ಪ್ರಶ್ನೆಯ ಸ್ವರೂಪ

ಒಂದು ಔಷಧವನ್ನು ಒಂದು ಸಲ ಕೊಟ್ಟು ಅದರ ಫಲವನ್ನು ಮರುದಿನ ನೋಡುವುದು ಬೇರೆ. ಅದನ್ನೇ ಹತ್ತು ವರ್ಷಗಳ ಕಾಲ ದಿನದಿನವೂ ಕೊಟ್ಟು, ಅದರಿಂದ ಆಯುಸ್ಸು ಹೆಚ್ಚಿತೋ ಕುಗ್ಗಿತೋ ಎಂದು ನಿರ್ಣಯಿಸುವುದು ಬೇರೆ. ಮೊದಲನೆಯದರಲ್ಲಿ ಕಾರಣವೂ ಕಾರ್ಯವೂ ಒಂದರ ಪಕ್ಕದಲ್ಲಿ ಒಂದು ನಿಂತಿರುತ್ತವೆ. ಎರಡನೆಯದರಲ್ಲಿ ಅವುಗಳ ನಡುವೆ ರೋಗಿಯ ಜೀವಮಾನದ ಒಂದು ದೊಡ್ಡ ಭಾಗವೇ ಕಳೆದುಹೋಗಿರುತ್ತದೆ. ಆ ಅವಧಿಯಲ್ಲಿ ರೋಗವು ಏರುತ್ತದೆ, ಇಳಿಯುತ್ತದೆ. ವೈದ್ಯನು ಔಷಧವನ್ನು ಹೆಚ್ಚಿಸುತ್ತಾನೆ, ತಗ್ಗಿಸುತ್ತಾನೆ, ಬದಲಾಯಿಸುತ್ತಾನೆ. ರೋಗಿಯು ಬೇಸತ್ತು ತಾನಾಗಿಯೇ ಬಿಟ್ಟುಬಿಡುವುದೂ ಉಂಟು. ಇಷ್ಟೆಲ್ಲ ನಡೆದ ಮೇಲೆ ಈ ಫಲವು ಈ ಔಷಧದಿಂದಲೇ ಬಂದಿತೆಂದು ಹೇಳುವುದಕ್ಕೆ ಆಧಾರವೇನು? ರಕ್ತದೊತ್ತಡ, ಮಧುಮೇಹ, ಕ್ಷಯ, ಏಡ್ಸ್ ಮೊದಲಾದ ವ್ಯಾಧಿಗಳಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಕೆಲವಕ್ಕೆ ಜನ್ಮವಿಡೀ ಔಷಧ ಸೇವಿಸಬೇಕಾಗಿರುವ ಈ ಕಾಲದಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವುದರ ಮೇಲೆ ಅಸಂಖ್ಯ ಜನರ ಪ್ರಾಣವು ನಿಂತಿದೆ.

ಜನಸಮುದಾಯದಲ್ಲಿ ವ್ಯಾಧಿಗಳು ಹೇಗೆ ಹರಡಿಕೊಂಡಿವೆ, ಅವುಗಳಿಗೆ ಕಾರಣವೇನು, ಅವುಗಳನ್ನು ತಡೆಯುವ ಬಗೆ ಯಾವುದು ಎಂಬುದನ್ನು ಎಣಿಕೆಯ ಮೂಲಕ ವಿಚಾರಿಸುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎಂದು ಹೆಸರು. ಮೇಲ್ಕಂಡ ಪ್ರಶ್ನೆಯನ್ನು ಈ ಶಾಸ್ತ್ರಜ್ಞರು ಕಳೆದ ನಾಲ್ಕು ದಶಕಗಳಲ್ಲಿ ಬಹು ಸೂಕ್ಷ್ಮವಾಗಿ ಪರ್ಯಾಲೋಚಿಸಿದ್ದಾರೆ. ಸಾಹಿತ್ಯವ್ಯಾಸಂಗಿಗಳಿಗೆ ಇದು ಪರಕೀಯವಾದ ವಿಷಯವೆಂದು ತೋರಬಹುದು. ಆದರೆ ಇದರಲ್ಲಿನ ತೊಡಕು ಮುಖ್ಯವಾಗಿ ವೈದ್ಯಕ್ಕೆ ಸೇರಿದುದಲ್ಲ, ತರ್ಕಕ್ಕೆ ಸೇರಿದುದು. ಔಷಧ ಸೇವಿಸಿದವರು ಹೆಚ್ಚಾಗಿ ಸತ್ತರೆಂಬ ಮಾತು ನಿಜವಾಗಿದ್ದೂ, ಔಷಧವು ಪ್ರಾಣವನ್ನು ಉಳಿಸುತ್ತಿರಬಹುದು. ಇದು ಹೇಗೆ ಸಾಧ್ಯ, ಇಂತಹ ಸಂದರ್ಭದಲ್ಲಿ ನಿಜವನ್ನು ಕಾಣುವ ಬಗೆ ಯಾವುದು ಎಂಬುದನ್ನು ಗಣಿತದ ಸಂಕೇತಗಳಿಲ್ಲದೆ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಚೀಟಿಯ ಪ್ರಯೋಗ ಮತ್ತು ಅದರ ಎಲ್ಲೆ

ಔಷಧದ ಗುಣವನ್ನು ಪರೀಕ್ಷಿಸುವುದಕ್ಕೆ ಅತ್ಯುತ್ತಮವಾದ ಮಾರ್ಗವೊಂದು ಪ್ರಸಿದ್ಧವಾಗಿದೆ. ರೋಗಿಗಳನ್ನು ಚೀಟಿಯೆತ್ತಿ ಎರಡು ಗುಂಪುಗಳಾಗಿ ಹಂಚುವುದು; ಒಂದು ಗುಂಪಿಗೆ ಔಷಧವನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಫಲವನ್ನು ಹೋಲಿಸುವುದು. ಹಂಚಿಕೆಯನ್ನು ಮಾಡುವುದು ಚೀಟಿಯೇ ಹೊರತು ವೈದ್ಯನ ಇಚ್ಛೆಯಲ್ಲವಾದುದರಿಂದ, ಬಲವಂತರೂ ದುರ್ಬಲರೂ, ಬಡವರೂ ಧನಿಕರೂ ಎರಡು ಕಡೆಗೂ ಹೆಚ್ಚು ಕಡಿಮೆ ಸಮನಾಗಿ ಬೀಳುತ್ತಾರೆ. ಆಮೇಲೆ ಕಾಣುವ ಅಂತರವು ಆಕಸ್ಮಿಕವಲ್ಲದಷ್ಟು ದೊಡ್ಡದಾಗಿದ್ದರೆ ಅದನ್ನು ಔಷಧಕ್ಕೇ ಸಲ್ಲಿಸಬಹುದು.

ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ೧೯೪೮ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗವು ಈ ಮಾರ್ಗಕ್ಕೆ ಮೇಲ್ಪಂಕ್ತಿಯಾಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು. ತೀವ್ರವಾದ ಶ್ವಾಸಕೋಶದ ಕ್ಷಯದಿಂದ ನರಳುತ್ತಿದ್ದ ೧೦೭ ಮಂದಿಯಲ್ಲಿ ೫೫ ಮಂದಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಹಾಸಿಗೆಯ ವಿಶ್ರಾಂತಿ, ೫೨ ಮಂದಿಗೆ ವಿಶ್ರಾಂತಿ ಮಾತ್ರ. ಯಾರಿಗೆ ಯಾವುದೆಂಬುದು ಮುಚ್ಚಿದ ಲಕೋಟೆಗಳಲ್ಲಿ ಮೊದಲೇ ನಿಶ್ಚಿತವಾಗಿತ್ತು. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ ೪ ಮಂದಿಯೂ ಎರಡನೆಯದರಲ್ಲಿ ೧೪ ಮಂದಿಯೂ ತೀರಿಕೊಂಡರು. ಔಷಧದ ಶಕ್ತಿಯು ಸ್ಪಷ್ಟವಾಯಿತು.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಐದು ವರ್ಷಗಳಾದ ಮೇಲೆ ಲೆಕ್ಕ ನೋಡಿದಾಗ ಮೊದಲನೆಯ ೫೫ರಲ್ಲಿ ೩೨ ಮಂದಿಯೂ, ಎರಡನೆಯ ೫೨ರಲ್ಲಿ ೩೫ ಮಂದಿಯೂ ಗತಿಸಿದ್ದರು. ಆರು ತಿಂಗಳಲ್ಲಿ ಅಷ್ಟು ದೊಡ್ಡದಾಗಿ ಕಂಡ ಅಂತರವು ಬಹುಮಟ್ಟಿಗೆ ಕರಗಿಹೋಗಿತ್ತು. ಒಂಟಿಯಾಗಿ ಕೊಟ್ಟ ಔಷಧವನ್ನು ಎದುರಿಸಿ ಬದುಕುವ ಶಕ್ತಿಯನ್ನು ಕ್ಷಯದ ಕ್ರಿಮಿಗಳು ಪಡೆದುಕೊಂಡದ್ದು ಇದಕ್ಕೆ ಮುಖ್ಯ ಕಾರಣ. ಅಲ್ಪಕಾಲದ ಫಲವನ್ನು ನೋಡಿ ದೀರ್ಘಕಾಲದ ಫಲವನ್ನು ಊಹಿಸಲಾಗದೆಂಬ ಪಾಠವು ಈ ಶಾಸ್ತ್ರಕ್ಕೆ ಹೀಗೆ ಅದರ ಬಾಲ್ಯದಲ್ಲಿಯೇ ದೊರೆಯಿತು.

ಹಾಗಾದರೆ ಚೀಟಿಯ ಪ್ರಯೋಗವನ್ನೇ ಹತ್ತಾರು ವರ್ಷ ನಡೆಸಬಾರದೇಕೆ? ಕೆಲವು ವೇಳೆ ನಡೆಸಿದ್ದಾರೆ. ಬಹಳ ವೇಳೆ ಆಗದು. ಕಾಲ ಬೆಳೆದಂತೆಲ್ಲ ಔಷಧದ ಗುಂಪಿನವರು ಅದನ್ನು ಬಿಡುತ್ತಾರೆ, ಇತರರು ಹೊರಗಿನಿಂದ ಕೊಂಡು ಸೇವಿಸುತ್ತಾರೆ. ಚೀಟಿಯು ಮಾಡಿದ ವಿಭಾಗವು ಅಳಿಸಿಹೋಗುತ್ತದೆ. ಅಲ್ಲದೆ, ಒಂದು ಔಷಧವು ಪ್ರಾಣರಕ್ಷಕವೆಂದು ತಿಳಿದೊಡನೆಯೇ ಉಳಿದವರಿಗೆ ಅದನ್ನು ಕೊಡದಿರುವುದು ಧರ್ಮವಲ್ಲ. ಏಡ್ಸ್ ರೋಗಕ್ಕೆ ಮೊದಲನೆಯ ಔಷಧವಾದ ಜಿಡೊವುಡಿನ್ನಿನ ವಿಷಯದಲ್ಲಿ ಹೀಗೆಯೇ ಆಯಿತು. ಅಮೆರಿಕದಲ್ಲಿ ೨೮೨ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿಗುಳಿಗೆಯ ಗುಂಪಿನಲ್ಲಿ ೧೯ ಮಂದಿ ಸತ್ತು, ಔಷಧದ ಗುಂಪಿನಲ್ಲಿ ಒಬ್ಬನು ಮಾತ್ರ ಸತ್ತಿರಲು, ೧೯೮೬ರಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿ ಎಲ್ಲರಿಗೂ ಔಷಧವನ್ನು ಒದಗಿಸಿದರು. ಹಾಗೆ ಮಾಡಿದ್ದು ನ್ಯಾಯವೇ. ಆದರೆ ವರ್ಷಗಟ್ಟಲೆ ಸೇವಿಸಿದರೆ ಏನಾಗುವುದೆಂಬ ಪ್ರಶ್ನೆಗೆ ಆ ಪ್ರಯೋಗದಿಂದ ಉತ್ತರ ದೊರೆಯುವ ದಾರಿಯು ಅಲ್ಲಿಗೇ ಮುಚ್ಚಿತು. ಇಂತಹ ಪ್ರಶ್ನೆಗಳಿಗೆ ಉಳಿದಿರುವ ಮಾರ್ಗವೆಂದರೆ, ವೈದ್ಯರು ತಮ್ಮ ವಿವೇಚನೆಯಂತೆ ಚಿಕಿತ್ಸೆ ಮಾಡುತ್ತ ಬಂದ ರೋಗಿಗಳ ವೃತ್ತಾಂತವನ್ನು ಬರೆದಿಟ್ಟು ಅದರಿಂದ ತಿಳಿಯುವುದು. ತೊಡಕು ಹುಟ್ಟುವುದು ಇಲ್ಲಿಯೇ.

೩. ಉಪಾಧಿ

ನಮ್ಮ ತರ್ಕಶಾಸ್ತ್ರದಲ್ಲಿ ಉಪಾಧಿ ಎಂಬುದೊಂದು ಪರಿಭಾಷೆಯುಂಟು. ಹೊಗೆಯಿರುವಲ್ಲಿ ಬೆಂಕಿಯಿರುವುದೆಂಬುದು ನಿಜ. ಅದನ್ನು ತಿರುಗಿಸಿ, ಬೆಂಕಿಯಿರುವಲ್ಲೆಲ್ಲ ಹೊಗೆಯಿರುವುದೆಂದು ಹೇಳಿದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಯ ಜೊತೆಗೆ ಹೊಗೆಯನ್ನು ತರತಕ್ಕದ್ದು ಹಸಿಯ ಸೌದೆ. ನಾವು ಆ ಸೌದೆಯನ್ನು ಗಮನಿಸದೆ ಹೊಗೆಯ ಹೊಣೆಯನ್ನೆಲ್ಲ ಬೆಂಕಿಯ ಮೇಲೆ ಹೊರಿಸುತ್ತೇವೆ. ಎರಡರ ಸಂಬಂಧದಲ್ಲಿ ಗುಟ್ಟಾಗಿ ಸೇರಿಕೊಂಡು ನಮ್ಮನ್ನು ವಂಚಿಸುವ ಈ ಮೂರನೆಯದೇ ಉಪಾಧಿ. ನೈಯಾಯಿಕರು ಹೇಳುವ ಲಕ್ಷಣವು ಇಂದಿನ ಎಪಿಡೆಮಿಯಾಲಜಿಯ ವಿಚಾರಕ್ಕೆ ಪೂರ್ಣವಾಗಿ ಹೊಂದುವುದಿಲ್ಲವಾದರೂ, ಈ ಹೆಸರನ್ನು ಇಲ್ಲಿ ಬಳಸಿಕೊಳ್ಳಲು ಅಡ್ಡಿಯಿಲ್ಲ.

ಉಪಾಧ್ಯಾಯರಿಗೆ ಇದು ದಿನದ ಅನುಭವ. ಒಂದು ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಆರಿಸಿ ಅವರಿಗೆ ಸಂಜೆಯ ವೇಳೆ ವಿಶೇಷ ಪಾಠ ಹೇಳುತ್ತಾರೆಂದು ಇಟ್ಟುಕೊಳ್ಳೋಣ. ವರ್ಷಾಂತ್ಯದಲ್ಲಿ ಸಂಜೆಯ ಪಾಠಕ್ಕೆ ಬಂದವರ ಅಂಕಗಳು ಉಳಿದವರ ಅಂಕಗಳಿಗಿಂತ ಕಡಿಮೆಯೇ ಇರಬಹುದು. ಅದರಿಂದ ಪಾಠವು ಮಕ್ಕಳನ್ನು ಕೆಡಿಸಿತೆಂದು ಯಾರೂ ಹೇಳುವುದಿಲ್ಲ. ದುರ್ಬಲರೆಂದೇ ಅವರಿಗೆ ಪಾಠವು ದೊರೆಯಿತು. ವೈದ್ಯದಲ್ಲಿಯೂ ಹಾಗೆಯೇ. ಹೆಚ್ಚು ಬೇನೆಯುಳ್ಳವನಿಗೆ ವೈದ್ಯನು ಮೊದಲು ಔಷಧವನ್ನು ಕೊಡುತ್ತಾನೆ. ಹೆಚ್ಚು ಬೇನೆಯುಳ್ಳವನೇ ಮೊದಲು ಸಾಯುವುದೂ ಸಹಜ.

ಇದರ ಪರಿಹಾರವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಕಠಿನಾವಸ್ಥೆಯ ರೋಗಿಗಳು ೧೦೦, ಸೌಮ್ಯಾವಸ್ಥೆಯವರು ೧೦೦. ಕಠಿನರಲ್ಲಿ ೮೦ ಮಂದಿಗೆ ಔಷಧ ದೊರೆಯಿತು. ಅವರಲ್ಲಿ ೩೨ ಮಂದಿ ಸತ್ತರು. ದೊರೆಯದ ೨೦ ಮಂದಿಯಲ್ಲಿ ೧೦ ಮಂದಿ ಸತ್ತರು. ಸೌಮ್ಯರಲ್ಲಿ ೨೦ ಮಂದಿಗೆ ಔಷಧ ದೊರೆತು ಒಬ್ಬನು ಸತ್ತನು; ದೊರೆಯದ ೮೦ ಮಂದಿಯಲ್ಲಿ ೮ ಮಂದಿ ಸತ್ತರು. ಒಟ್ಟಾಗಿ ನೋಡಿದರೆ ಔಷಧ ಪಡೆದ ನೂರರಲ್ಲಿ ೩೩ ಮರಣ, ಪಡೆಯದ ನೂರರಲ್ಲಿ ೧೮ ಮರಣ. ಔಷಧವು ವಿಷವೆಂದೇ ತೋರುವುದು. ಬೇರೆ ಬೇರೆಯಾಗಿ ನೋಡಿದರೆ ಕಠಿನರಲ್ಲಿ ನೂರಕ್ಕೆ ೫೦ ಇದ್ದ ಮರಣವು ಔಷಧದಿಂದ ೪೦ಕ್ಕೂ, ಸೌಮ್ಯರಲ್ಲಿ ೧೦ ಇದ್ದದ್ದು ೫ಕ್ಕೂ ಇಳಿದಿದೆ. ಇನ್ನೂರು ಮಂದಿಗೂ ಔಷಧ ದೊರೆತಿದ್ದರೆ ೪೫ ಮರಣ. ಯಾರಿಗೂ ದೊರೆಯದಿದ್ದರೆ ೬೦ ಮರಣ. ಸಮಾನರನ್ನು ಸಮಾನರೊಡನೆ ಹೋಲಿಸಿದೊಡನೆ ವಿಷವೆಂದು ತೋರಿದ್ದು ಅಮೃತವಾಯಿತು. ಉಪಾಧಿಯನ್ನು ಗುರುತಿಸಿ, ಅದರ ಒಂದೊಂದು ಮಟ್ಟದಲ್ಲಿಯೂ ಪ್ರತ್ಯೇಕವಾಗಿ ಹೋಲಿಸತಕ್ಕದ್ದೆಂಬುದೇ ಬಹುಕಾಲದಿಂದ ಬಂದ ವಿಧಿ.

೪. ಅತ್ತ ದರಿ, ಇತ್ತ ಪುಲಿ

ಔಷಧವನ್ನು ಒಂದೇ ಸಲ ಕೊಡುವುದಾದರೆ ಈ ವಿಧಿಯು ಸಾಕು. ದೀರ್ಘಕಾಲದ ಚಿಕಿತ್ಸೆಯಲ್ಲಿ ಇದೇ ನಮ್ಮನ್ನು ದಾರಿತಪ್ಪಿಸುತ್ತದೆ.

ಏಡ್ಸ್‌ನ ವೈರಸ್ಸು ಸಿಡಿ೪ ಎಂಬ ಬಿಳಿಯ ರಕ್ತಕಣಗಳನ್ನು ನಾಶಮಾಡುತ್ತದೆ. ರೋಗವನ್ನು ತಡೆಯುವ ಶಕ್ತಿಗೆ ಆಧಾರವಾದ ಈ ಕಣಗಳ ಎಣಿಕೆಯು ಕುಗ್ಗಿದಂತೆಲ್ಲ ಮರಣವು ಸಮೀಪಿಸುವುದು. ಎಣಿಕೆ ಇಳಿದದ್ದನ್ನು ಕಂಡು ವೈದ್ಯನು ಜಿಡೊವುಡಿನ್ ಕೊಡುತ್ತಿದ್ದನು. ಆದುದರಿಂದ ಎಣಿಕೆಯು ಉಪಾಧಿ. ಔಷಧವನ್ನು ಸೇವಿಸಿದ ಮೇಲೆ ಎಣಿಕೆಯು ಏರುತ್ತಿತ್ತು. ಆದುದರಿಂದ ಎಣಿಕೆಯು ಔಷಧದ ಫಲವೂ ಹೌದು. ಏರಿದ ಅಥವಾ ಏರದ ಆ ಎಣಿಕೆಯನ್ನು ನೋಡಿಯೇ ಮುಂದಿನ ಆರು ತಿಂಗಳ ಚಿಕಿತ್ಸೆಯು ನಿಶ್ಚಯವಾಗುತ್ತಿತ್ತು. ಒಂದೇ ವಸ್ತುವು ನಿನ್ನೆಯ ಔಷಧಕ್ಕೆ ಕಾರ್ಯ, ನಾಳೆಯ ಔಷಧಕ್ಕೆ ಕಾರಣ. ಶಾಲೆಯ ಉದಾಹರಣೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳೂ ಹೀಗೆಯೇ: ಅವು ಮೊದಲ ಆರು ತಿಂಗಳ ಪಾಠದ ಫಲ, ಮುಂದಿನ ಆರು ತಿಂಗಳ ಪಾಠಕ್ಕೆ ಯಾರನ್ನು ಆರಿಸಬೇಕೆಂಬುದಕ್ಕೆ ನಿಮಿತ್ತ.

ಈಗ ಹಳೆಯ ವಿಧಿಯನ್ನು ಅನ್ವಯಿಸಿ ನೋಡೋಣ. ಎಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕಠಿನರನ್ನು ಸೌಮ್ಯರೊಡನೆ ಹೋಲಿಸಿದಂತಾಗಿ ಔಷಧಕ್ಕೆ ಅಪವಾದ ಬರುವುದು. ತೆಗೆದುಕೊಂಡರೆ ಏನಾಗುವುದೆಂಬುದಕ್ಕೆ ಇನ್ನೊಂದು ಕಲ್ಪಿತ ಲೆಕ್ಕ. ಚೀಟಿಯೆತ್ತಿ ೧೦೦ ಮಂದಿಗೆ ಔಷಧ ಕೊಟ್ಟರು, ೧೦೦ ಮಂದಿಗೆ ಕೊಡಲಿಲ್ಲ. ಆರು ತಿಂಗಳಾದ ಮೇಲೆ ಔಷಧ ಪಡೆದವರಲ್ಲಿ ೮೦ ಮಂದಿಯ ಎಣಿಕೆ ಉತ್ತಮ, ೨೦ ಮಂದಿಯದು ಅಧಮ. ಪಡೆಯದವರಲ್ಲಿ ೪೦ ಉತ್ತಮ, ೬೦ ಅಧಮ. ಎಣಿಕೆಯು ಉತ್ತಮವಾಗಿದ್ದವರಲ್ಲಿ ನೂರಕ್ಕೆ ೧೦ ಮಂದಿಯೂ ಅಧಮವಾಗಿದ್ದವರಲ್ಲಿ ನೂರಕ್ಕೆ ೫೦ ಮಂದಿಯೂ ಸತ್ತರು. ಆಗ ಔಷಧದ ಗುಂಪಿನಲ್ಲಿ ೮ ಮತ್ತು ೧೦, ಒಟ್ಟು ೧೮ ಮರಣ. ಇತರರಲ್ಲಿ ೪ ಮತ್ತು ೩೦, ಒಟ್ಟು ೩೪ ಮರಣ. ಔಷಧವು ೧೬ ಪ್ರಾಣಗಳನ್ನು ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಮಾನರನ್ನು ಸಮಾನರೊಡನೆ ಹೋಲಿಸುವೆನೆಂದು ಆರು ತಿಂಗಳ ಎಣಿಕೆಯ ಪ್ರಕಾರ ವಿಭಾಗಿಸಿದವನಿಗೆ ಏನು ಕಾಣುವುದು? ಉತ್ತಮರಲ್ಲಿ ಎರಡು ಕಡೆಗೂ ನೂರಕ್ಕೆ ೧೦. ಅಧಮರಲ್ಲಿ ಎರಡು ಕಡೆಗೂ ನೂರಕ್ಕೆ ೫೦. ಔಷಧದಿಂದ ಎಳ್ಳಷ್ಟೂ ಪ್ರಯೋಜನವಿಲ್ಲವೆಂದು ಅವನು ತೀರ್ಮಾನಿಸುವನು. ಔಷಧವು ಪ್ರಾಣವನ್ನು ಉಳಿಸಿದ್ದು ಎಣಿಕೆಯನ್ನು ಏರಿಸುವುದರ ಮೂಲಕ. ಆ ಏರಿಕೆಯನ್ನೇ ಅವನು ಲೆಕ್ಕದಿಂದ ಅಳಿಸಿಹಾಕಿದನು.

ಇನ್ನೊಂದು ಕೇಡೂ ಉಂಟು. ಔಷಧವನ್ನು ಸೇವಿಸಿಯೂ ಎಣಿಕೆ ಇಳಿದವನೊಬ್ಬ. ಸೇವಿಸದೆಯೇ ಅಷ್ಟೇ ಎಣಿಕೆಯಲ್ಲಿ ನಿಂತವನೊಬ್ಬ. ಇಬ್ಬರ ಎಣಿಕೆ ಒಂದಾದರೂ ದೇಹಬಲವು ಒಂದಲ್ಲ. ಮೊದಲನೆಯವನನ್ನು ಔಷಧವೂ ಎತ್ತಲಾರದೆ ಹೋಯಿತು. ಎರಡನೆಯವನು ತನ್ನ ಸ್ವಂತ ಬಲದಿಂದ ನಿಂತಿದ್ದಾನೆ. ಇವರಿಬ್ಬರನ್ನು ಸಮಾನರೆಂದು ಹೋಲಿಸಿದರೆ, ಒಳ್ಳೆಯ ಔಷಧವೂ ಕೆಟ್ಟದ್ದೆಂದು ತೋರಬಹುದು.

ಹೀಗೆ ಎಣಿಕೆಯನ್ನು ಬಿಟ್ಟರೂ ತಪ್ಪು, ಹಿಡಿದರೂ ತಪ್ಪು. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಗೆ ಇದಕ್ಕಿಂತ ಒಪ್ಪುವ ನಿದರ್ಶನವು ವಿರಳ.

೫. ತೂಕದ ಕ್ರಮ

ಈ ಇಕ್ಕಟ್ಟಿನ ಸ್ವರೂಪವನ್ನು ಸ್ಪಷ್ಟವಾಗಿ ನಿರೂಪಿಸಿ ಅದರಿಂದ ಪಾರಾಗುವ ದಾರಿಯನ್ನು ತೋರಿಸಿದವರು ಅಮೆರಿಕದ ಜೇಮ್ಸ್ ರಾಬಿನ್ಸ್ ಎಂಬ ಪಂಡಿತರು. ಅವರ ಮೊದಲನೆಯ ದೀರ್ಘಪ್ರಬಂಧವು ೧೯೮೬ರಲ್ಲಿ ಪ್ರಕಟವಾಯಿತು. ಅಲ್ಲಿ ಅವರು ಎತ್ತಿಕೊಂಡ ವಿಷಯವು ಔಷಧವಲ್ಲ, ಕಾರ್ಖಾನೆಯ ವಿಷವಸ್ತು. ಅಂತಹ ಕೆಲಸದಲ್ಲಿ ಆರೋಗ್ಯ ಕೆಟ್ಟವರು ಬೇಗನೆ ಕೆಲಸ ಬಿಡುತ್ತಾರೆ, ಗಟ್ಟಿಮುಟ್ಟಾದವರು ಉಳಿಯುತ್ತಾರೆ. ಆದುದರಿಂದ ಹೆಚ್ಚುಕಾಲ ವಿಷಕ್ಕೆ ಒಳಗಾದವರೇ ಹೆಚ್ಚು ಆರೋಗ್ಯವಂತರಾಗಿ ಕಾಣುವರು. ಅಲ್ಲಿ ವಿಷವು ಅಮೃತದಂತೆ ತೋರುತ್ತದೆ, ಇಲ್ಲಿ ಅಮೃತವು ವಿಷದಂತೆ ತೋರುತ್ತದೆ. ಭ್ರಮೆಯ ರಚನೆ ಮಾತ್ರ ಒಂದೇ.

ರಾಬಿನ್ಸ್ ಅವರು ಹಲವು ಕ್ರಮಗಳನ್ನು ಪ್ರತಿಪಾದಿಸಿದ್ದಾರೆ. ಅವುಗಳಲ್ಲಿ ವಿವರಿಸಲು ಸುಲಭವಾದುದು ತೂಕದ ಕ್ರಮ. ಮೊದಲನೆಯ ಕಲ್ಪಿತ ಲೆಕ್ಕಕ್ಕೆ ಹಿಂದಿರುಗೋಣ. ಕಠಿನಾವಸ್ಥೆಯಲ್ಲಿದ್ದು ಔಷಧ ದೊರೆಯದವರು ನೂರಕ್ಕೆ ೨೦ ಮಂದಿ ಮಾತ್ರ. ಅವರಲ್ಲಿ ಒಬ್ಬೊಬ್ಬನೂ ತನ್ನಂತಹ ಐವರಿಗೆ ಪ್ರತಿನಿಧಿಯೆಂದು ಭಾವಿಸಿ ಅವನಿಗೆ ೫ರ ತೂಕವನ್ನು ಕೊಡುವುದು. ಔಷಧ ದೊರೆತ ೮೦ ಮಂದಿಯಲ್ಲಿ ಒಬ್ಬೊಬ್ಬನಿಗೆ ೧.೨೫ರ ತೂಕ. ಸೌಮ್ಯರಲ್ಲಿ ಇದು ತಿರುಗುಮುರುಗು: ಔಷಧ ದೊರೆತವನಿಗೆ ೫, ದೊರೆಯದವನಿಗೆ ೧.೨೫. ಯಾವನಿಗೆ ಯಾವ ಚಿಕಿತ್ಸೆ ದೊರೆಯುವ ಸಂಭವವು ಕಡಿಮೆಯಿದ್ದಿತೋ, ಅದು ದೊರೆತಾಗ ಅವನ ಸಾಕ್ಷ್ಯಕ್ಕೆ ಅಷ್ಟು ಹೆಚ್ಚು ಬೆಲೆಯೆಂಬುದು ಇದರ ತಾತ್ಪರ್ಯ. ಈ ತೂಕದಿಂದ ಮರಣಗಳನ್ನು ಎಣಿಸಿದರೆ ಔಷಧದ ಕಡೆ ೩೨ಕ್ಕೆ ೪೦, ೧ಕ್ಕೆ ೫, ಒಟ್ಟು ೪೫. ಔಷಧವಿಲ್ಲದ ಕಡೆ ೧೦ಕ್ಕೆ ೫೦, ೮ಕ್ಕೆ ೧೦, ಒಟ್ಟು ೬೦. ಹಿಂದೆ ಬಂದ ಉತ್ತರವೇ ಬಂದಿತು.

ಒಂದೇ ಉತ್ತರ ಬರುವುದಾದರೆ ಹೊಸ ಕ್ರಮದ ಅಗತ್ಯವೇನೆಂದು ವಾಚಕರು ಶಂಕಿಸಬಹುದು. ಸಮಾಧಾನವೇನೆಂದರೆ, ಇಲ್ಲಿ ಎಣಿಕೆಯ ಪ್ರಕಾರ ರೋಗಿಗಳನ್ನು ವಿಭಾಗಿಸಿ ಹೋಲಿಸಲಿಲ್ಲ. ತೂಕವನ್ನು ಗೊತ್ತುಮಾಡುವುದಕ್ಕೆ ಮಾತ್ರ ಎಣಿಕೆಯನ್ನು ಬಳಸಿಕೊಂಡೆವು. ದೀರ್ಘಕಾಲದ ಚಿಕಿತ್ಸೆಯಲ್ಲಿ ಪ್ರತಿಯೊಂದು ಅವಧಿಯಲ್ಲಿಯೂ ರೋಗಿಯ ಹಿಂದಿನ ಸ್ಥಿತಿಯನ್ನೂ ಹಿಂದಿನ ಔಷಧವನ್ನೂ ನೋಡಿ, ಅವನಿಗೆ ದೊರೆತ ಚಿಕಿತ್ಸೆಯು ದೊರೆಯುವ ಸಂಭವವೆಷ್ಟಿತ್ತೆಂದು ಅಂದಾಜು ಮಾಡಿ, ಆ ಸಂಭವಗಳನ್ನು ಒಂದಕ್ಕೊಂದು ಗುಣಿಸಿ, ಗುಣಲಬ್ಧದಿಂದ ಒಂದನ್ನು ಭಾಗಿಸಿ ತೂಕವನ್ನು ಪಡೆಯುತ್ತಾರೆ. ಹೀಗೆ ತೂಗಿದ ಕಲ್ಪಿತ ಸಮುದಾಯದಲ್ಲಿ ಔಷಧವು ಎಣಿಕೆಯನ್ನು ನೋಡಿ ಹಂಚಲ್ಪಟ್ಟಂತೆ ಕಾಣುವುದಿಲ್ಲ. ಅವಧಿಯಿಂದ ಅವಧಿಗೆ ಚೀಟಿಯೆತ್ತಿ ಹಂಚಿದಂತೆ ಕಾಣುವುದು. ಔಷಧದಿಂದ ಎಣಿಕೆಯು ಏರಿ, ಏರಿದ ಎಣಿಕೆಯಿಂದ ಪ್ರಾಣ ಉಳಿಯುವ ದಾರಿಯು ಮಾತ್ರ ಹಾಗೆಯೇ ತೆರೆದಿರುತ್ತದೆ. ದರಿಯೂ ತಪ್ಪಿತು, ಪುಲಿಯೂ ತಪ್ಪಿತು.

ಇದನ್ನು ಪ್ರತ್ಯಕ್ಷವಾಗಿ ತೋರಿಸಿದ ಪ್ರಬಂಧವೊಂದು ೨೦೦೦ದಲ್ಲಿ ಹೊರಬಂದಿತು. ಬರೆದವರು ಮಿಗೆಲ್ ಎರ್ನಾನ್, ಬಾಬೆಟ್ ಬ್ರಂಬ್ಯಾಕ್ ಮತ್ತು ರಾಬಿನ್ಸ್. ಅಮೆರಿಕದ ಕೆಲವು ನಗರಗಳಲ್ಲಿ ೧೯೮೪ರಿಂದ ಪುರುಷರ ಒಂದು ದೊಡ್ಡ ಸಮುದಾಯವನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಬಂದಿದ್ದರು. ಅವರಲ್ಲಿ ಸೋಂಕು ತಗಲಿದ್ದವರ ವೃತ್ತಾಂತವೇ ಇದಕ್ಕೆ ಆಧಾರ. ಯಾವ ಎಚ್ಚರಿಕೆಯೂ ಇಲ್ಲದೆ ಹೋಲಿಸಿದಾಗ, ಜಿಡೊವುಡಿನ್ ಪಡೆದವರ ಮರಣಪ್ರಮಾಣವು ಪಡೆಯದವರದಕ್ಕಿಂತ ೩.೬ ಪಾಲು. ಆರಂಭದ ಸ್ಥಿತಿಯನ್ನು ಮಾತ್ರ ಹಳೆಯ ವಿಧಿಯಿಂದ ಸರಿದೂಗಿಸಿದಾಗ ೨.೩ ಪಾಲು. ಮುಂದೆ ಮುಂದೆ ಬದಲಾಗುತ್ತಿದ್ದ ಎಣಿಕೆ ಮೊದಲಾದುವನ್ನು ತೂಕದ ಕ್ರಮದಿಂದ ಲೆಕ್ಕಕ್ಕೆ ತಂದಾಗ ೦.೭ ಪಾಲು. ಈ ಕೊನೆಯ ಅಂದಾಜಿನ ಅನಿಶ್ಚಯದ ಎಲ್ಲೆಯು ೦.೬ರಿಂದ ೧.೦ರವರೆಗೆ ಇದ್ದಿತಾದುದರಿಂದ ಅದನ್ನು ಅತಿಯಾಗಿ ಹೊಗಳಲಾಗದು. ಆದರೂ ಮೂರೂವರೆ ಪಾಲು ಮಾರಕವೆಂದು ತೋರಿದ ಔಷಧವೇ ಮರಣವನ್ನು ತಗ್ಗಿಸುವಂತೆ ಕಂಡಿತು. ಜನರೂ ಅವರೇ, ಮರಣಗಳೂ ಅವೇ. ಬದಲಾದದ್ದು ವಿಚಾರದ ಕ್ರಮ.

೬. ಕಾಲಗಣನೆಯ ಆರಂಭ

ಉಪಾಧಿಯಷ್ಟೇ ಅಪಾಯಕರವಾದ ಇನ್ನೊಂದು ಭ್ರಮೆಯು ಕಾಲವನ್ನು ಎಲ್ಲಿಂದ ಎಣಿಸಬೇಕೆಂಬುದರಲ್ಲಿದೆ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದವರ ಆಯುಸ್ಸನ್ನೂ, ವಹಿಸದ ಸಾಹಿತಿಗಳ ಆಯುಸ್ಸನ್ನೂ ಯಾರಾದರೂ ಹೋಲಿಸಿದರೆ ಅಧ್ಯಕ್ಷರೇ ಹೆಚ್ಚುಕಾಲ ಬದುಕಿದವರೆಂದು ಕಂಡುಬಂದೀತು. ಅಧ್ಯಕ್ಷಪೀಠಕ್ಕೆ ಆಯುಸ್ಸನ್ನು ಬೆಳೆಸುವ ಗುಣವಿದೆಯೆಂದು ಇದರ ಅರ್ಥವಲ್ಲ. ಆ ಗೌರವವು ಬರುವವರೆಗೆ ಬದುಕಿದ್ದವನೇ ಅಧ್ಯಕ್ಷನಾಗಬಲ್ಲನು. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಕವಿಯು ಇನ್ನೊಂದು ಪಟ್ಟಿಗೇ ಸೇರುವನು. ಇದು ವಿನೋದದ ಮಾತಲ್ಲ. ಆಸ್ಕರ್ ಪ್ರಶಸ್ತಿಯನ್ನು ಪಡೆದ ನಟನಟಿಯರು ಇತರರಿಗಿಂತ ೩.೯ ವರ್ಷ ಹೆಚ್ಚು ಬದುಕುತ್ತಾರೆಂದು ೨೦೦೧ರಲ್ಲಿ ಪ್ರತಿಷ್ಠಿತ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಪ್ರಶಸ್ತಿಗೆ ಮುಂಚಿನ ವರ್ಷಗಳನ್ನು ಪ್ರಶಸ್ತಿಯ ಖಾತೆಗೆ ಹಾಕದೆ ೨೦೦೬ರಲ್ಲಿ ಬೇರೆ ವಿದ್ವಾಂಸರು ಲೆಕ್ಕ ಮಾಡಿದಾಗ ಅಂತರವು ಸುಮಾರು ಒಂದು ವರ್ಷಕ್ಕೆ ಇಳಿದು, ಅದೂ ಆಕಸ್ಮಿಕವಿರಬಹುದೆಂದು ಕಂಡಿತು.

ಔಷಧದಲ್ಲಿಯೂ ಹೀಗೆಯೇ. ಬಹುಕಾಲದಿಂದ ಸೇವಿಸುತ್ತಿರುವವರನ್ನು ಆರಿಸಿ ಅವರ ಆರೋಗ್ಯವನ್ನು ಹೊಗಳಿದರೆ, ಸೇವಿಸಲಾರಂಭಿಸಿ ಕೆಲವೇ ತಿಂಗಳಲ್ಲಿ ಕೇಡನ್ನನುಭವಿಸಿ ಬಿಟ್ಟವರನ್ನೂ ಸತ್ತವರನ್ನೂ ಮರೆತಂತಾಗುವುದು. ಮುಟ್ಟು ನಿಂತ ಸ್ತ್ರೀಯರಿಗೆ ಕೊಡುವ ಹಾರ್ಮೋನುಗಳ ವೃತ್ತಾಂತವು ಇದಕ್ಕೆ ಪ್ರಸಿದ್ಧ ನಿದರ್ಶನ. ಅಮೆರಿಕದಲ್ಲಿ ೧೯೭೬ರಲ್ಲಿ ೧,೨೧,೭೦೦ ಮಂದಿ ದಾದಿಯರೊಡನೆ ಆರಂಭವಾದ ಅಧ್ಯಯನವೊಂದರಲ್ಲಿ, ಈಸ್ಟ್ರೊಜೆನ್ ಸೇವಿಸುತ್ತಿದ್ದವರಿಗೆ ಹೃದ್ರೋಗವು ಸುಮಾರು ಅರ್ಧದಷ್ಟು ಮಾತ್ರವೆಂದು ೧೯೯೧ರಲ್ಲಿ ವರದಿಯಾಯಿತು. ಇಂತಹ ವರದಿಗಳನ್ನು ನಂಬಿ ಲಕ್ಷಾಂತರ ಸ್ತ್ರೀಯರು ಆ ಔಷಧಗಳನ್ನು ವರ್ಷಗಟ್ಟಲೆ ಸೇವಿಸಿದರು. ಈಸ್ಟ್ರೊಜೆನ್ನನ್ನು ಪ್ರೊಜೆಸ್ಟಿನ್ನಿನೊಡನೆ ಕೂಡಿಸಿ ೧೬,೬೦೮ ಸ್ತ್ರೀಯರ ಮೇಲೆ ನಡೆಸಿದ ಚೀಟಿಯ ಪ್ರಯೋಗವು ೨೦೦೨ರ ಜುಲೈಯಲ್ಲಿ, ಸರಾಸರಿ ೫.೨ ವರ್ಷಗಳಾದ ಮೇಲೆ, ಅವಧಿಗೆ ಮುನ್ನವೇ ನಿಂತಿತು. ಹೃದ್ರೋಗವು ಕಡಿಮೆಯಾಗಲಿಲ್ಲ, ವರ್ಷಕ್ಕೆ ಹತ್ತು ಸಾವಿರಕ್ಕೆ ೩೦ ಇದ್ದದ್ದು ಔಷಧದ ಗುಂಪಿನಲ್ಲಿ ೩೭ ಆಗಿತ್ತು. ಸ್ತನದ ಅರ್ಬುದವೂ ಪಾರ್ಶ್ವವಾಯುವೂ ಹೆಚ್ಚಿದ್ದುವು.

ದಾದಿಯರ ದಾಖಲೆಗಳು ಸುಳ್ಳಾಗಿದ್ದುವೇ? ಅಲ್ಲ. ಎರ್ನಾನ್ ಮೊದಲಾದವರು ೨೦೦೮ರಲ್ಲಿ ಅದೇ ದಾಖಲೆಗಳನ್ನು ಬೇರೊಂದು ರೀತಿಯಲ್ಲಿ ಓದಿದರು. ಮೊದಲು ತಾವು ನಡೆಸಬೇಕೆಂದಿರುವ ಚೀಟಿಯ ಪ್ರಯೋಗವನ್ನು ಮನಸ್ಸಿನಲ್ಲಿ ಪೂರ್ಣವಾಗಿ ಕಲ್ಪಿಸಿಕೊಳ್ಳುವುದು: ಯಾರು ಅರ್ಹರು, ಯಾವ ಚಿಕಿತ್ಸೆಯನ್ನು ಯಾವುದರೊಡನೆ ಹೋಲಿಸುವುದು, ಕಾಲವನ್ನು ಯಾವ ದಿನದಿಂದ ಎಣಿಸುವುದು. ಆಮೇಲೆ ದಾಖಲೆಗಳಲ್ಲಿ ಅದರ ಪ್ರತಿಬಿಂಬವನ್ನು ಹುಡುಕುವುದು. ಹೀಗೆ ಔಷಧವನ್ನು ಸೇವಿಸುತ್ತಿದ್ದವರನ್ನು ಬಿಟ್ಟು, ಹೊಸದಾಗಿ ಆರಂಭಿಸಿದವರನ್ನು ಆರಂಭಿಸದವರೊಡನೆ ಆರಂಭದ ದಿನದಿಂದಲೇ ಹೋಲಿಸಿದಾಗ, ಒಟ್ಟು ಅವಧಿಯಲ್ಲಿ ಹೃದ್ರೋಗದ ಪ್ರಮಾಣವು ೦.೯೬, ಎಂದರೆ ಹೆಚ್ಚು ಕಡಿಮೆ ಸಮ. ಮೊದಲ ಎರಡು ವರ್ಷಗಳಲ್ಲಿ ೧.೪೨. ಅರ್ಧಕ್ಕೆ ಇಳಿಯುವುದೆಂಬ ಹಿಂದಿನ ಭರವಸೆಯು ಮಾಯವಾಗಿ, ಪ್ರಯೋಗವು ತೋರಿಸಿದ ದಾರಿಗೆ ದಾಖಲೆಗಳೂ ಸಮೀಪಿಸಿದುವು. ಉತ್ತರದಲ್ಲಿನ ವಿರೋಧವು ಬಹುಮಟ್ಟಿಗೆ ಪ್ರಶ್ನೆಯಲ್ಲಿನ ವಿರೋಧವಾಗಿದ್ದಿತು.

೭. ಎಲ್ಲೆಗಳು ಮತ್ತು ಉಪಸಂಹಾರ

ಈ ಕ್ರಮಗಳನ್ನು ಸರ್ವರೋಗಕ್ಕೂ ಮದ್ದೆಂದು ತಿಳಿಯತಕ್ಕದ್ದಲ್ಲ. ಬರೆದಿಟ್ಟ ಉಪಾಧಿಗಳಿಗೆ ಮಾತ್ರ ತೂಕ ಹಾಕಬಹುದು. ವೈದ್ಯನು ರೋಗಿಯ ಮುಖವನ್ನು ನೋಡಿ ಗ್ರಹಿಸಿಯೂ ಬರೆಯದೆ ಬಿಟ್ಟದ್ದನ್ನು ಯಾವ ಗಣಿತವೂ ಹಿಂದಕ್ಕೆ ತರಲಾರದು. ಒಂದು ಸ್ಥಿತಿಯಲ್ಲಿ ಎಲ್ಲರಿಗೂ ಔಷಧ ದೊರೆತಿದ್ದರೆ, ದೊರೆಯದವರ ಪ್ರತಿನಿಧಿಯೇ ಇಲ್ಲದೆ ತೂಕವು ಅರ್ಥಹೀನವಾಗುವುದು. ತೀರ ಅಪರೂಪದ ಒಬ್ಬಿಬ್ಬರಿಗೆ ನೂರಾರು ಮಂದಿಯ ತೂಕ ಬಿದ್ದರೆ, ನಿರ್ಣಯವೆಲ್ಲ ಆ ಒಬ್ಬಿಬ್ಬರ ಹಣೆಯ ಬರಹದ ಮೇಲೆ ನಿಲ್ಲುವುದು. ಆದುದರಿಂದ ಪ್ರಯೋಗವು ಸಾಧ್ಯವಿರುವಲ್ಲಿ ಪ್ರಯೋಗವೇ ಶ್ರೇಷ್ಠ.

ಪ್ರಶ್ನೆಯನ್ನು ಖಚಿತವಾಗಿ ಕೇಳಬೇಕೆಂಬ ಮಾತು ಪ್ರಯೋಗಗಳಿಗೂ ಸಲ್ಲುತ್ತದೆ. ರೋಗಲಕ್ಷಣಗಳಿಲ್ಲದ ೧,೭೪೯ ಸೋಂಕಿತರಲ್ಲಿ ಜಿಡೊವುಡಿನ್ನನ್ನು ಒಡನೆಯೇ ಕೊಡುವುದನ್ನೂ ಮುಂದೂಡುವುದನ್ನೂ ಹೋಲಿಸಿದ ಯೂರ್ಪಿನ ಕಾಂಕಾರ್ಡ್ ಪ್ರಯೋಗದಲ್ಲಿ, ಮೂರು ವರ್ಷಗಳ ಕೊನೆಗೆ ಬದುಕಿದ್ದವರು ನೂರಕ್ಕೆ ೯೨ ಮತ್ತು ೯೪. ಬೇಗ ಕೊಟ್ಟದ್ದರಿಂದ ಲಾಭ ಕಾಣಲಿಲ್ಲವೆಂದು ೧೯೯೪ರಲ್ಲಿ ಪ್ರಕಟವಾಯಿತು. ಔಷಧವು ಬೇಕೇ ಎಂಬುದು ಒಂದು ಪ್ರಶ್ನೆ, ಯಾವಾಗ ಬೇಕೆಂಬುದು ಇನ್ನೊಂದು. ಸ್ಟ್ರೆಪ್ಟೊಮೈಸಿನ್ನಿನಂತೆ ಜಿಡೊವುಡಿನ್ನೂ ಒಂಟಿಯಾಗಿ ಬಹುಕಾಲ ನಿಲ್ಲಲಾರದೆ ಹೋಯಿತು. ವೈರಸ್ಸು ಅದನ್ನು ಎದುರಿಸಲು ಕಲಿಯಿತು. ಹಲವು ಔಷಧಗಳನ್ನು ಕೂಡಿಸಿ ಕೊಡುವ ಪದ್ಧತಿಯು ೧೯೯೬ರಿಂದೀಚೆಗೆ ನೆಲೆಗೊಂಡ ಮೇಲೆ ಅದೇ ಪ್ರಶ್ನೆಯನ್ನು ೪,೬೮೫ ಮಂದಿಯಲ್ಲಿ ಮತ್ತೆ ಕೇಳಿದರು. ಉತ್ತರವು ೨೦೧೫ರಲ್ಲಿ ಬಂದಿತು: ಒಡನೆಯೇ ಆರಂಭಿಸಿದವರಲ್ಲಿ ಮರಣವೂ ಕಠಿನವ್ಯಾಧಿಯೂ ಸೇರಿ ೪೨, ಮುಂದೂಡಿದವರಲ್ಲಿ ೯೬. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಎಣಿಕೆ ಇಳಿಯುವುದನ್ನು ಕಾಯದೆ ಸೋಂಕಿತರೆಲ್ಲರಿಗೂ ಔಷಧ ಕೊಡಬೇಕೆಂದು ಸೂಚಿಸಿತು. ಭಾರತವು ೨೦೧೭ರಲ್ಲಿ ಆ ನೀತಿಯನ್ನು ಅಂಗೀಕರಿಸಿತು. ನಮ್ಮ ನಾಡಿನ ಸೋಂಕಿತರೂ ಅಂದಿನಿಂದ ಎಣಿಕೆ ಇಳಿಯುವುದನ್ನು ಕಾಯಬೇಕಾಗಿಲ್ಲ.

ಮೇಲಣ ವಿವೇಚನೆಯಿಂದ ಗ್ರಹಿಸತಕ್ಕ ಮುಖ್ಯಾಂಶವು ಒಂದೇ. ಔಷಧ ಸೇವಿಸಿದವರು ಹೆಚ್ಚಾಗಿ ಸತ್ತರೆಂದಾಗಲಿ, ಹೆಚ್ಚಾಗಿ ಬದುಕಿದರೆಂದಾಗಲಿ ಕೇಳಿದೊಡನೆ ಔಷಧದ ಗುಣದೋಷಗಳನ್ನು ನಿರ್ಣಯಿಸಬಾರದು. ಅವರಿಗೆ ಅದು ದೊರೆತದ್ದೇಕೆ, ಕಾಲವನ್ನು ಎಂದಿನಿಂದ ಎಣಿಸಿದರು, ನಡುವೆ ಬದಲಾದ ಸ್ಥಿತಿಯು ಔಷಧದ ಫಲವೋ ನಿಮಿತ್ತವೋ ಅಥವಾ ಎರಡೂ ಹೌದೋ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು. ಅಂಕಿಗಳು ತಾವಾಗಿ ಸುಳ್ಳಾಡುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರವನ್ನೂ ಕೊಡುವುದಿಲ್ಲ. ಹಸಿಯ ಸೌದೆಯನ್ನು ನೋಡದೆ ಬೆಂಕಿಯನ್ನು ದೂರಬಾರದೆಂದು ನಮ್ಮ ತಾರ್ಕಿಕರು ಹೇಳಿದುದು ವಾದದಲ್ಲಿ ಗೆಲ್ಲುವುದಕ್ಕಾಗಿ ಇರಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಈ ಗುಳಿಗೆಯನ್ನು ಇನ್ನೆಷ್ಟು ವರ್ಷ ನುಂಗಬೇಕೆಂದು ಕೇಳುವ ರೋಗಿಗೆ ಆ ಎಚ್ಚರಿಕೆಯು ಪ್ರಾಣದ ಮಾತು.